ಬೋರ್ಡಿಲ್ಲದ ಶೆಡ್ಡು, ಅಪ್ಪನ ಜೀಪು, ಹದಿನೇಳು ದಿನ

ಅಪ್ಪನ ಹಳೇ ಜೀಪನ್ನು ರಿಪೇರಿಗೆ ಬಿಟ್ಟ ಶೆಡ್ಡಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆರು ದಿನ ಅಂದವರು ಹದಿನೇಳು ದಿನ ಇಟ್ಟುಕೊಂಡರು. ಫೋನ್ ಎತ್ತಲಿಲ್ಲ. ಬಿಲ್ಲು ಅಂತ ಕೈಗಿಟ್ಟಿದ್ದು ಬೇರಿಂಗ್ ಡಬ್ಬಿಯ ರಟ್ಟು, ಅದರ ಮೇಲೆ ಪೆನ್ಸಿಲ್ಲಿನ ಲೆಕ್ಕ. ಇಷ್ಟಾದರೂ ಮುಂದಿನ ಸಲವೂ ಜೀಪು ಅಲ್ಲಿಗೇ ಹೋಗುತ್ತದೆ.

ಶೆಡ್ಡು ಚಿಕ್ಕಮಗಳೂರಿನಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿದೆ. ಬೋರ್ಡಿಲ್ಲ. ಹೊರಗೆ ನಾಲ್ಕೈದು ಹಳೇ ಚಾಸಿಸ್ ಬಿದ್ದಿವೆ, ಅದೇ ಗುರುತು. ಮೇಸ್ತ್ರಿಗೆ ಅರವತ್ತು ದಾಟಿದೆ. ಜೊತೆಗೆ ಒಬ್ಬ ಹುಡುಗ.

ನಮ್ಮದು ಆಲ್ದೂರು ಕಡೆ ಸಣ್ಣ ಕಾಫಿ ತೋಟ. ಜೀಪು ಅಪ್ಪನ ಕಾಲದ ಮಹೀಂದ್ರಾ ಸಿಜೆ-3ಬಿ, ಎತ್ತರದ ಬಾನೆಟ್ಟಿನದು. 1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಈ ಮಾಡೆಲ್ ತಂದಾಗ ಹೊಸ ಎಂಜಿನ್ನು ಹಳೇ ಬಾನೆಟ್ಟಿನೊಳಗೆ ಹಿಡಿಸಲಿಲ್ಲ, ಅದಕ್ಕೇ ಬಾನೆಟ್ಟನ್ನೇ ಎತ್ತರಿಸಿದರು. ಅಲ್ಲಿ 1968ಕ್ಕೆ ನಿಂತಿತು. ನಮ್ಮಲ್ಲಿ ಆಮೇಲೂ ತಯಾರಾಗುತ್ತಿತ್ತು.

ಎರಡು ವರ್ಷದ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಕಮಾನ್ ಪ್ಲೇಟ್ (ಜೀಪಿನ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಬಾಗಿದ ಪಟ್ಟಿಗಳು) ಬಿಚ್ಚಿಸಿ ಹಾಕಿಸಿದ್ದೆ. ಅಲ್ಲಿಂದ ಶುರುವಾಯಿತು. ಸ್ಟೇರಿಂಗು ನೆಟ್ಟಗೆ ಹಿಡಿದರೆ ಜೀಪು ಎಡಕ್ಕೆ. ಒಂದು ದಿನ ನನ್ನ ಹಿಂದೆ ಬೈಕಿನಲ್ಲಿ ಬಂದ ತಮ್ಮ, "ಅಣ್ಣ, ನಿನ್ನ ಜೀಪು ನನ್ನನ್ನ ನೋಡ್ಕೊಂಡೇ ಮುಂದೆ ಹೋಗ್ತಿತ್ತು" ಅಂದ. ಏಡಿ ನಡೆದ ಹಾಗೆ ಓರೆಗೆ ಓಡುತ್ತಿತ್ತು.

ಮೇಸ್ತ್ರಿ ಜಾಕಿ ಕೂಡ ಇಡಲಿಲ್ಲ. ಗೋಣಿಚೀಲ ಹಾಸಿಕೊಂಡು ಒಳಗೆ ಜಾರಿ, ಟಾರ್ಚ್ ಬಿಟ್ಟು, "ಸೆಂಟರ್ ಬೋಲ್ಟ್ ಹೋಗಿದೆ ಗೌಡ್ರೇ" ಅಂದರು. ಪ್ಲೇಟುಗಳನ್ನು ಕೂಡಿಸಿ ಹಿಡಿಯುವ ಈ ಬೋಲ್ಟಿನ ತಲೆ, ಆಕ್ಸಲ್ (ಚಕ್ರದ ಅಚ್ಚು) ಮೇಲಿನ ಸೀಟಿನ ತೂತಿನಲ್ಲಿ ಸರಿಯಾಗಿ ಕೂರಬೇಕು. ಯು ಆಕಾರದ ಯು-ಬೋಲ್ಟ್ ಪ್ಲೇಟನ್ನೂ ಆಕ್ಸಲ್ಲನ್ನೂ ಬಿಗಿಯಾಗಿ ಹಿಡಿಯುತ್ತದೆ ಅಷ್ಟೇ, ಆಕ್ಸಲ್ ಎಲ್ಲಿರಬೇಕು ಅಂತ ಹೇಳುವುದು ಆ ಬೋಲ್ಟಿನ ತಲೆ. ಹಿಂದಿನವರು ತಲೆ ಕೂತಿದೆಯೋ ಇಲ್ಲವೋ ನೋಡದೆ ಯು-ಬೋಲ್ಟ್ ಎಳೆದಿದ್ದರು. ಬೋಲ್ಟ್ ತುಂಡಾಗಿ, ಹಿಂದಿನ ಆಕ್ಸಲ್ಲು ಒಂದು ಕಡೆ ಮುಕ್ಕಾಲು ಇಂಚು ಜರುಗಿತ್ತು.

ಸರಿ, ನಾಲ್ಕೂ ಕಡೆ ಬಿಚ್ಚಿ ಅಂದೆ. ಅದು ನನ್ನ ತಪ್ಪೋ ಪುಣ್ಯವೋ. ಜೀಪು ಮೂಟೆ ಹೊರಲಿ ಅಂತ ಅಪ್ಪ ಹಿಂದೆ ಎರಡು ಪ್ಲೇಟ್ ಜಾಸ್ತಿ ಸೇರಿಸಿದ್ದರು. "ಮೂಟೆಗೆ ಈಗ ಪಿಕಪ್ ಇದೆಯಲ್ವಾ, ಸುಮ್ನೆ ಸೊಂಟ ಯಾಕೆ ಮುರ್ಕೋತೀರಿ?" ಅಂತ ಮೇಸ್ತ್ರಿ ಅವನ್ನು ತೆಗೆದಿಟ್ಟರು. ಉಳಿದವು ಬಾಗು ಕೊಡಿಸಲು ಕುಲುಮೆಗೆ ಹೋದವು. ಹದಿನೇಳು ದಿನದಲ್ಲಿ ಏಳು ದಿನ ಅಲ್ಲೇ ಕಳೆಯಿತು. ಬಂದ ಮೇಲೆ ಹುಡುಗ ಒಂದೊಂದನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿದ.

ನಾನು ಮೆಚ್ಚಿದ್ದು ಮುಂದಿನ ಚಕ್ರದ ಕಡೆಯ ಯು-ಶ್ಯಾಕಲ್ ಕೆಲಸ, ಅಂದರೆ ಪ್ಲೇಟಿನ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಕೊಂಡಿಯದು. ಈ ಹಳೇ ಜೀಪುಗಳಲ್ಲಿ ಶ್ಯಾಕಲ್ಲಿಗೂ ಅದು ಕೂರುವ ಬುಷ್ಷಿಗೂ ತ್ರೆಡ್ ಇರುತ್ತದೆ, ಕೆಲವಕ್ಕೆ ಉಲ್ಟಾ ತ್ರೆಡ್. ಉಲ್ಟಾ ಬುಷ್ಷಿನ ತಲೆಯ ಸುತ್ತ ಒಂದು ಗೀರು ಇರುತ್ತದೆ. ಗೊತ್ತಿಲ್ಲದವರು ಉದ್ದನೆ ಪೈಪ್ ಹಾಕಿ ತಿರುಗಿಸಿ ತ್ರೆಡ್ ತಿಂದುಹಾಕುತ್ತಾರೆ. ಮೇಸ್ತ್ರಿ ಎರಡೂ ಬುಷ್ಷನ್ನು ಬೆರಳಲ್ಲೇ ಹಿಡಿಸಿ, ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು, ಹೀಗೇ ಒಳಗೆ ಬಿಟ್ಟರು. ಒಂದು ಕಡೆ ಮುಂದೆ ಹೋದರೆ ಶ್ಯಾಕಲ್ ಸಿಕ್ಕಿಹಾಕಿಕೊಂಡು ಪ್ಲೇಟ್ ಆಡುವುದಿಲ್ಲವಂತೆ. ಕೊನೆಗೆ ಕೈಯಲ್ಲಿ ತೂಗಾಡಿಸಿ ತೋರಿಸಿದರು, ತೊಟ್ಟಿಲಿನ ಹಾಗೆ ಆಡಿತು.

ಮುಂದಿನ ಆಕ್ಸಲ್ಲಿನ ತುದಿಯಲ್ಲಿ ಒಂದು ದೊಡ್ಡ ಗುಂಡು ಇರುತ್ತದಲ್ಲ, ಅದರ ಕಿಂಗ್‌ಪಿನ್ ಬೇರಿಂಗಿಗೆ (ಚಕ್ರ ಎಡಬಲ ತಿರುಗುವ ಕೀಲಿನದು) ಶಿಮ್ ಅನ್ನುವ ತೆಳು ತಗಡು ಇಟ್ಟು ಬಿಗಿ ಹೊಂದಿಸಬೇಕು. ಅದಕ್ಕೆ ಅವರು ತೆಗೆದದ್ದು ಮೀನು ತೂಗುವಂಥ ಸಣ್ಣ ಸ್ಪ್ರಿಂಗ್ ತಕ್ಕಡಿ! ನಕ್ಕುಬಿಟ್ಟೆ. ಅವರು ನಗಲಿಲ್ಲ. ಚಕ್ರ ತಿರುಗಿಸುವ ನಕಲ್ಲಿನ ತೋಳಿಗೆ ಕೊಕ್ಕೆ ಸಿಕ್ಕಿಸಿ ಎಳೆದು, ಮುಳ್ಳು ನೋಡಿ, ಒಂದು ಶಿಮ್ ತೆಗೆದು, ಮತ್ತೆ ಎಳೆದು. ಅರ್ಧ ದಿನ ಇದೇ. ಹಿಂದಿನ ಚಕ್ರದ ಹಬ್ಬು (ಗುಂಬ), ಸೀಲು, ಬೇರಿಂಗು ಮಾಮೂಲಿ ಕೆಲಸ. ಶಾಫ್ಟು ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವುದರಿಂದ ಹಬ್ಬು ಕಚ್ಚಿಕೊಂಡಿರುತ್ತದೆ, ಎಳೆದು ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಮುಟ್ಟಲಿಲ್ಲ ಅನ್ನುವುದೇ ಸಮಾಧಾನ.

ಆಕ್ಸಲ್ ಕೂರಿಸಿದ ಮೇಲೆ ಟೇಪ್ ಹಿಡಿದರು. ಮುಂದಿನ ಚಕ್ರದ ನಡುವಿನಿಂದ ಹಿಂದಿನದಕ್ಕೆ 80 ಇಂಚು, ಎರಡೂ ಕಡೆ ಒಂದೇ ಬರಬೇಕು. ಬಂತು. ಆಮೇಲೂ ನಟ್ಟುಗಳನ್ನು ಪೂರ್ತಿ ಬಿಗಿ ಮಾಡಲಿಲ್ಲ. ಹಿಂದಿನ ಚಕ್ರದ ಕಡೆ ಯಾರೋ ಮೊದಲೇ ರಬ್ಬರ್ ಬುಷ್ಷಿನ ಶ್ಯಾಕಲ್ ಹಾಕಿದ್ದರು. ಜೀಪು ಗಾಳಿಯಲ್ಲಿದ್ದಾಗ ಅದನ್ನು ಬಿಗಿ ಮಾಡಿದರೆ, ನೆಲಕ್ಕೆ ಇಳಿಸಿದ ತಕ್ಷಣ ರಬ್ಬರು ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಚಕ್ರ ಹಾಕಿ, ನೆಲಕ್ಕಿಳಿಸಿ, ನನ್ನನ್ನೂ ಹುಡುಗನನ್ನೂ ಹಿಂದೆ ಕೂರಿಸಿ ಕುಲುಕಿಸಿ, ಆಮೇಲೆ ಕೊನೆಯ ಬಿಗಿ. ಯು-ಬೋಲ್ಟ್ ನಾಲ್ಕೂ ಕಡೆ ಹೊಸವು. ಹಳೆಯದು ಒಂದು ಸಲ ಎಳೆದು ಹಿಗ್ಗಿದ ಮೇಲೆ ಮತ್ತೆ ನಂಬಬಾರದು ಅಂದರು.

ಕೈಮರ ದಾಟಿ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಓಡಿಸಿ ನೋಡಿದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ನೆಟ್ಟಗೆ ಬರುತ್ತದೆ. ಗುಂಡಿಯಲ್ಲಿ ಹಲ್ಲು ಕಟಕಟ ಅನ್ನುವುದಿಲ್ಲ. ತಮ್ಮ ಹಿಂದೆ ಬಂದು ನೋಡಿ, "ಈಗ ಬೆನ್ನು ತೋರಿಸ್ತಿದೆ" ಅಂದ.

ದೂರುಗಳೂ ಇವೆ. ಬೇಡ ಅಂದರೂ ಕೆಳಗೆಲ್ಲ ಕಪ್ಪು ಪೇಂಟ್ ಹೊಡೆದರು, ಗ್ರೀಸ್ ತುಂಬುವ ಎರಡು ನಿಪ್ಪಲ್ ಮುಚ್ಚಿಹೋಗಿದ್ದವು, ನಾನೇ ಕೆರೆದೆ. ಎಡಗಡೆ ಗುಂಡಿನ ಫೆಲ್ಟ್ (ಉಣ್ಣೆ ಬಟ್ಟೆಯ) ಸೀಲಿನಲ್ಲಿ ಇನ್ನೂ ಸ್ವಲ್ಪ ಎಣ್ಣೆ ಜಿನುಗುತ್ತದೆ. "ಫೆಲ್ಟ್ ಕೂರ್ಬೇಕು" ಅನ್ನುತ್ತಾರೆ. ತಿಂಗಳಾಯಿತು, ಇನ್ನೂ ಕೂತಿಲ್ಲ. 300 ಕಿಲೋಮೀಟರ್ ಆದ ಮೇಲೆ ಹೋದೆ, ಯು-ಬೋಲ್ಟ್ ನಟ್ಟುಗಳು ಕಾಲು ಸುತ್ತು ಬಿಗಿಯಾದವು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಕೂಲಿ 12,000. ಕುಲುಮೆ, ಸಾಮಾನು ಸೇರಿ ಒಟ್ಟು 29,400. ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರ ಹೋಗಬೇಡಿ, ಸುತ್ತಮುತ್ತಲ ತೋಟದ ಜೀಪೆಲ್ಲ ಅಲ್ಲೇ ಸಾಲು ನಿಂತಿರುತ್ತವೆ. ಫೋನನ್ನೂ ಮಾಡಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋದರೆ ಮೇಸ್ತ್ರಿ ಸಿಗುತ್ತಾರೆ. ಆರು ದಿನ ಅಂತಲೇ ಹೇಳುತ್ತಾರೆ, ನೀವು ಮೂರು ವಾರ ಅಂತ ಲೆಕ್ಕ ಹಾಕಿಕೊಳ್ಳಿ.