ಚಿಮಣಿಯ ಎರಡು ಗ್ಯಾಸ್ ಅನಲೈಸರ್‌ಗಳು: ಅಲಾರಂ ಬಂದಾಗ ಯಾವುದು ದೋಷದ ದಾರಿ ತೋರಿಸುತ್ತದೆ?

ಕುಶಾಲನಗರದ ಬಳಿಯ ಕಾಫಿ ಸಂಸ್ಕರಣಾ ಘಟಕವೊಂದರಲ್ಲಿ ಸಿಲ್ವರ್ ಓಕ್ ಕಟ್ಟಿಗೆ ಮತ್ತು ಕಾಫಿ ಹೊಟ್ಟನ್ನು ಉರಿಸುವ ಬಾಯ್ಲರ್ ಇದ್ದು, ಅದರ ಚಿಮಣಿಯಲ್ಲಿರುವ ಎರಡು ಬಗೆಯ ಗ್ಯಾಸ್ ಅನಲೈಸರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು, ಹೊಗೆಯನ್ನು ಕೊಳವೆಯಲ್ಲಿ ಎಳೆದು, ಕೂಲರ್‌ನಲ್ಲಿ ತಣಿಸಿ, ನೀರು ತೆಗೆದು ಪೆಟ್ಟಿಗೆಯೊಳಗೆ ಅಳೆಯುವಂಥದ್ದು. ಇನ್ನೊಂದು, ಹೊಗೆಯ ಹಾದಿಯೊಳಗೇ ಚಾಚಿಕೊಂಡು, ಬಿಸಿ ಮಾಡಿದ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಸೆಲ್‌ನಿಂದ ಆಮ್ಲಜನಕ ಅಳೆಯುವ ಜಿರ್ಕೋನಿಯಾ ಪ್ರೋಬ್. ನಿಖರತೆಯ ವಿಷಯವನ್ನು ಕೈಪಿಡಿಗಳಿಗೆ ಬಿಟ್ಟು, ಅಲಾರಂ ಬಂದಾಗ ಮೂಲ ದೋಷವನ್ನು ಹುಡುಕಲು ಯಾವುದು ಎಷ್ಟು ನೆರವಾಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಹೋಲಿಸುತ್ತೇನೆ.

ಹೊಗೆ ಎಳೆಯುವ ಅನಲೈಸರ್ ಮಳೆಗಾಲದಲ್ಲಿ ಪದೇ ಪದೇ ಅಲಾರಂ ಕೊಡುತ್ತದೆ. ಹಸಿ ಕಟ್ಟಿಗೆಯಿಂದ ಹೊಗೆಯಲ್ಲಿ ನೀರಾವಿ ಹೆಚ್ಚುತ್ತದೆ; ಬಿಸಿ ಮಾಡದ ಕೊಳವೆ ಎಲ್ಲಿ ಸ್ವಲ್ಪ ಬಾಗಿದ್ದರೂ ಅಲ್ಲಿ ನೀರು ನಿಲ್ಲುತ್ತದೆ; ಮೊದಲು ಬರುವುದು 'ಫ್ಲೋ ಕಡಿಮೆ' ಎಂಬ ಅಲಾರಂ. ಆಗ ನಾನು ಪೆಟ್ಟಿಗೆಯ ಬಾಯಲ್ಲಿ ಕೊಳವೆಯನ್ನು ಬಿಚ್ಚಿ ಹೊರಗಿನ ಗಾಳಿಯನ್ನು ಎಳೆಯಲು ಬಿಡುತ್ತೇನೆ. ಹರಿವು ತೋರಿಸುವ ಗಾಜಿನ ನಳಿಕೆಯಾದ ರೋಟಾಮೀಟರ್‌ನ ಗುಂಡು ಮೇಲೇರಿದರೆ ಅಡಚಣೆ ಚಿಮಣಿಯ ಕಡೆಗಿನ ಕೊಳವೆಯಲ್ಲಿ ಅಥವಾ ಅದರ ತುದಿಯ ಫಿಲ್ಟರ್‌ನಲ್ಲಿದೆ. ಏರದಿದ್ದರೆ ಪಂಪಿನ ಡಯಾಫ್ರಂ (ಗಾಳಿ ಎಳೆಯುವ ಪೊರೆ), ಒಳಗಿನ ಸಣ್ಣ ಫಿಲ್ಟರ್, ಕೂಲರ್ ಇವುಗಳತ್ತ ನೋಡಬೇಕು. ಅದೇ ಬಾಯನ್ನು ಬೆರಳಿನಿಂದ ಪೂರ್ತಿ ಮುಚ್ಚಿದಾಗ ಗುಂಡು ತಳಕ್ಕೆ ಇಳಿಯದಿದ್ದರೆ, ಒಳಗೆ ಎಲ್ಲೋ ಗಾಳಿ ಸೋರಿಕೊಂಡು ಬರುತ್ತಿದೆ ಎಂದೇ ಅರ್ಥ. ದುಬಾರಿ ಉಪಕರಣ ಯಾವುದೂ ಇಲ್ಲದೆ ಇಷ್ಟು ತಿಳಿಯುವುದು ಈ ಬಗೆಯ ದೊಡ್ಡ ಗುಣ.

ನೀರಿನ ಅಲಾರಂ ಮಾತ್ರ ಬೇರೆಯೇ ಎಚ್ಚರಿಕೆ ಬೇಡುತ್ತದೆ. ಕೂಲರ್ ದಾಟಿ ನೀರು ಬಂದಾಗ ಪಂಪ್ ತಾನಾಗಿ ನಿಲ್ಲುತ್ತದೆ. ರಾತ್ರಿ ಪಾಳಿಯಲ್ಲಿ ಅದನ್ನು ರೀಸೆಟ್ ಮಾಡಿ ಮತ್ತೆ ಓಡಿಸುವುದನ್ನು ನಾನು ಕಟ್ಟುನಿಟ್ಟಾಗಿ ವಿರೋಧಿಸುತ್ತೇನೆ, ಏಕೆಂದರೆ ನೀರು ಪೆಟ್ಟಿಗೆಯೊಳಗೆ ಅನಿಲ ಅಳೆಯುವ ಇನ್‌ಫ್ರಾರೆಡ್ ಸೆಲ್ ತಲುಪಿದರೆ ಮತ್ತೆ ಸರಿಪಡಿಸುವುದು ಬಹಳ ಕಷ್ಟ. ಇಲ್ಲಿ ಹೆಚ್ಚಿನ ಸಲ ಸಿಕ್ಕ ಕಾರಣ, ಕೂಲರ್‌ನ ನೀರನ್ನು ಹೊರಹಾಕುವ ಡ್ರೈನ್ ಪಂಪಿನ ಸವೆದ ರಬ್ಬರ್ ಕೊಳವೆ.

ಆಮ್ಲಜನಕದ ಅಂಕಿ ಅನುಮಾನ ಹುಟ್ಟಿಸಿದಾಗ ಇದೇ ಯಂತ್ರ ಇನ್ನೊಂದು ಪರೀಕ್ಷೆಗೂ ಅವಕಾಶ ಕೊಡುತ್ತದೆ. ಕಟ್ಟಿಗೆ ಉರಿದಾಗ ನೀರು ತೆಗೆದ ಹೊಗೆಯಲ್ಲಿ ಆಮ್ಲಜನಕ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಮೊತ್ತ ಶೇಕಡಾ 20.5ರ ಆಸುಪಾಸಿನಲ್ಲಿರುತ್ತದೆ. ಗಾಳಿ ಸೋರಿದರೆ ಒಂದು ಏರಿ ಇನ್ನೊಂದು ಇಳಿಯುತ್ತದೆಯೇ ಹೊರತು ಮೊತ್ತ ಹೆಚ್ಚು ಬದಲಾಗುವುದಿಲ್ಲ. ಮೊತ್ತವೇ ಕೆಟ್ಟಿದ್ದರೆ ದೋಷ ಸೆನ್ಸರ್‌ನದು ಅಥವಾ ಕ್ಯಾಲಿಬ್ರೇಶನ್‌ನದು (ಅಳತೆಯ ಹೊಂದಾಣಿಕೆಯದು). ಕಡಲಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಕುಶಾಲನಗರದಲ್ಲಿ ವಾಯುಭಾರ ಕಡಿಮೆ ಇರುವುದರಿಂದ, ಒತ್ತಡದ ತಿದ್ದುಪಡಿ ಇಲ್ಲದ ಯಂತ್ರವನ್ನು ಬೇರೆಡೆ ಹೊಂದಿಸಿ ತಂದು ಇಲ್ಲಿ ಹಾಗೆಯೇ ನಂಬುವಂತಿಲ್ಲ.

ಜಿರ್ಕೋನಿಯಾ ಪ್ರೋಬ್‌ನಲ್ಲಿ ಪಂಪಿಲ್ಲ, ಕೂಲರ್ ಇಲ್ಲ, ಆದ್ದರಿಂದ ಅಲಾರಂಗಳೂ ವಿರಳ. ಬಂದರೆ ಹೆಚ್ಚಾಗಿ ಹೀಟರ್‌ನದು ಅಥವಾ ತಾಪಮಾನದ್ದು. ಸೆಲ್ 700 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಬೇಕಾದ್ದರಿಂದ, ಕರೆಂಟು ಹೋಗಿ ಬಂದ ಮೇಲೆ ಅದು ಬಿಸಿಯಾಗುವವರೆಗೆ ಅಲಾರಂ ಇರುವುದು ಸಹಜ. ಆಮೇಲೂ ಉಳಿದರೆ ವಿದ್ಯುತ್ ಕಡಿದು ಹೀಟರ್‌ನ ತಂತಿಯಲ್ಲಿ ಸಂಪರ್ಕವಿದೆಯೇ, ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ತುಂಡಾಗಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿದರೆ ವಿಷಯ ತಿಳಿಯುತ್ತದೆ. ಬಾಯ್ಲರ್ ನಿಲ್ಲಿಸಿದಾಗ ಹೀಟರನ್ನೂ ಆರಿಸುವ ರೂಢಿ ಬೇಡ; ತಣ್ಣಗಾದ ಪ್ರೋಬ್ ಮೇಲೆ ಹೊಗೆಯ ನೀರು, ಆಮ್ಲ ಕಟ್ಟಿಕೊಳ್ಳುತ್ತವೆ.

ನನಗೆ ಆತಂಕ ತರುವುದು ಇದರ ಅಲಾರಂ ಬಾರದ ದೋಷಗಳು. ಪ್ರೋಬನ್ನು ಚಿಮಣಿಗೆ ಜೋಡಿಸುವ ಫ್ಲ್ಯಾಂಜ್‌ನ ಗ್ಯಾಸ್ಕೆಟ್ (ಸೋರಿಕೆ ತಡೆಯುವ ಪಟ್ಟಿ) ಸಡಿಲವಾಗಿ ಗಾಳಿ ನುಗ್ಗಿದರೆ ಆಮ್ಲಜನಕ ಹೆಚ್ಚು ಕಾಣುತ್ತದೆ. ಉರಿಯದ ಕಾರ್ಬನ್ ಮಾನಾಕ್ಸೈಡ್ ಬಿಸಿ ಸೆಲ್ ಮೇಲೆ ಉರಿದುಕೊಂಡರೆ ಕಡಿಮೆ ಕಾಣುತ್ತದೆ. ಎರಡರಲ್ಲೂ ಪರದೆಯ ಮೇಲೆ ಎಲ್ಲವೂ ಸರಿಯೆಂದೇ ಇರುತ್ತದೆ. ಇದಕ್ಕೆ ಉಪಾಯ ಟೆಸ್ಟ್ ಗ್ಯಾಸ್, ಅಂದರೆ ಆಮ್ಲಜನಕದ ಪ್ರಮಾಣ ಮೊದಲೇ ಗೊತ್ತಿರುವ ಗ್ಯಾಸ್. ಶೇಕಡಾ 8 ಆಮ್ಲಜನಕದ ಗ್ಯಾಸ್ ಬಿಟ್ಟಾಗ, ಸುಮಾರು 735 ಡಿಗ್ರಿಯಲ್ಲಿ ನಡೆಯುವ ಸೆಲ್ 21 ಮಿಲಿವೋಲ್ಟ್ ಹತ್ತಿರ ತೋರಿಸಬೇಕು. ಮಿಲಿವೋಲ್ಟ್ ಸರಿಯಿದ್ದು ಅಂಕಿ ತಪ್ಪಿದ್ದರೆ ದೋಷ ಎಲೆಕ್ಟ್ರಾನಿಕ್ಸ್ ಅಥವಾ ಸೆಟ್ಟಿಂಗ್‌ನಲ್ಲಿದೆ. ಎರಡೂ ಸರಿಯಿದ್ದು ಹೊಗೆಯ ಅಂಕಿ ಮಾತ್ರ ವಿಚಿತ್ರವಾಗಿದ್ದರೆ ಗ್ಯಾಸ್ಕೆಟ್ ನೋಡಿ. ಗ್ಯಾಸ್ ನಿಲ್ಲಿಸಿದ ಮೇಲೆ ಅಂಕಿ ಹಿಂದಿನ ಮಟ್ಟಕ್ಕೆ ಬಹಳ ನಿಧಾನವಾಗಿ ಮರಳಿದರೆ ಫಿಲ್ಟರ್ ಕಟ್ಟಿದೆ; ಹೊಟ್ಟಿನ ಬೂದಿ ಅಂಟುವ ನಮ್ಮಲ್ಲಿ ಇದು ಅಪರೂಪವಲ್ಲ.

ಎರಡನ್ನೂ ಜೊತೆಗಿಟ್ಟವರು ಅಂಕಿಗಳ ವ್ಯತ್ಯಾಸ ಕಂಡು ಗಾಬರಿಯಾಗಬಾರದು. ಪ್ರೋಬ್ ನೀರಾವಿ ಸಹಿತ ಅಳೆಯುತ್ತದೆ, ಪೆಟ್ಟಿಗೆ ನೀರು ತೆಗೆದು ಅಳೆಯುತ್ತದೆ: ಹೊಗೆಯಲ್ಲಿ ಶೇಕಡಾ 15 ನೀರಾವಿ ಇದ್ದರೆ ಪ್ರೋಬ್ ತೋರಿಸುವ ಶೇಕಡಾ 6 ಆಮ್ಲಜನಕ, ಪೆಟ್ಟಿಗೆಯಲ್ಲಿ ಸುಮಾರು 7 ಆಗುತ್ತದೆ.

ದೋಷ ಹುಡುಕುವುದರಲ್ಲಿ ಹೊಗೆ ಎಳೆಯುವ ಯಂತ್ರವೇ ಮೇಲು, ಮಳೆಗಾಲವಿಡೀ ನಿಲ್ಲದೆ ನಡೆಯುವುದರಲ್ಲಿ ಪ್ರೋಬ್ ಮೇಲು. ಬಾಯ್ಲರ್‌ನ ಗಾಳಿ ಹೊಂದಿಸಲು ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು ಜಿರ್ಕೋನಿಯಾ. ಆದರೆ ಟೆಸ್ಟ್ ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಮತ್ತು ಪ್ರೋಬ್‌ವರೆಗಿನ ಕೊಳವೆಯನ್ನು ಅದೇ ಖರೀದಿಯಲ್ಲಿ ಸೇರಿಸಿ, ನೆಲದಲ್ಲಿ ನಿಂತೇ ಗ್ಯಾಸ್ ಬಿಡುವಂತೆ ಜೋಡಿಸಿಕೊಳ್ಳಬೇಕು. ಮಳೆಯಲ್ಲಿ ಜಾರುವ ಏಣಿ ಹತ್ತಿ ಮಾಡಬೇಕಾದ ಪರೀಕ್ಷೆಯನ್ನು ಜುಲೈ ತಿಂಗಳಲ್ಲಿ ಯಾರೂ ಮಾಡುವುದಿಲ್ಲ.