ಉಗಿಯಂತ್ರಕ್ಕೆ ಯಾವ ಸುಧಾರಣೆ ದಕ್ಕುತ್ತದೆ? ಒಂದೊಂದು ಲೀಟರ್ ನೀರು ಸುಟ್ಟು ನೋಡಿದ್ದು

34 ನಿಮಿಷ. ನಾನು ಕಟ್ಟಿದ ಪುಟ್ಟ ಉಗಿಯಂತ್ರ ಒಂದು ಲೀಟರ್ ನೀರು ಕುಡಿದು ಒಂದು ಬಲ್ಬನ್ನು ಉರಿಸಿದ್ದು ಇಷ್ಟೇ ಹೊತ್ತು. ಸಿಲಿಂಡರಿನ ಅಳತೆ, ಸುತ್ತು, ಪ್ರೆಶರ್ ಇಟ್ಟುಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದರೆ 80 ನಿಮಿಷ ಬರಬೇಕಿತ್ತು. ಅಂದರೆ ಬಾಯ್ಲರ್‌ನಿಂದ ಹೊರಟ ಹಬೆಯಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಮಾಯ. ಅದನ್ನು ಹಿಡಿಯೋಕೆ ಒಂದಾದ ಮೇಲೊಂದು ಉಪಾಯ ಮಾಡಿದೆ. ಕೆಲವು ದಕ್ಕಿದವು, ಕೆಲವು ಕೈಕೊಟ್ಟವು.

ಮೊದಲು ಯಂತ್ರದ ವಿಷಯ. ಗನ್‌ಮೆಟಲ್ (ಒಂದು ಬಗೆಯ ಕಂಚು) ಸಿಲಿಂಡರ್, ಒಳ ಅಳತೆ 25 ಮಿ.ಮೀ., ಪಿಸ್ಟನ್ ಓಡಾಟವೂ 25 ಮಿ.ಮೀ. ಹಬೆ ಎರಡೂ ಬದಿಯಿಂದ ತಳ್ಳುತ್ತದೆ. ತಾಮ್ರದ ಬಾಯ್ಲರ್, ಓಡೋದು ಮೂರು ಕೆಜಿ (ಚದರ ಸೆಂ.ಮೀ.ಗೆ) ಪ್ರೆಶರ್‌ಗೆ. ಬೆಂಕಿ ತೋರಿಸುವ ಮುಂಚೆ ತಣ್ಣೀರು ತುಂಬಿ ಆರು ಕೆಜಿವರೆಗೆ ಒತ್ತಿ ನೋಡಿದ್ದೇನೆ. ಇದನ್ನು ಮಾಡದೆ ಯಾರೂ ಬಾಯ್ಲರ್ ಹತ್ತಿರ ನಿಲ್ಲಬೇಡಿ. ಯಂತ್ರಕ್ಕೆ ಬೆಲ್ಟ್ ಹಾಕಿ ಒಂದು ಚಿಕ್ಕ ಡಿ.ಸಿ. ಮೋಟರ್ ತಿರುಗಿಸುತ್ತೇನೆ. ಅದು ಡೈನಮೋ ಹಾಗೆ ಕರೆಂಟು ಕೊಟ್ಟು ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಉರಿಸುತ್ತದೆ.

ನಿಯಮ ಒಂದೇ. ಅದೇ ಬಲ್ಬು, ನಿಮಿಷಕ್ಕೆ 240 ಸುತ್ತು. ಬಾಯ್ಲರ್‌ನ ಗಾಜಿನ ಕೊಳವೆಯಲ್ಲಿ ನೀರು ದಾರ ಕಟ್ಟಿದ ಗುರುತಿನಲ್ಲೇ ಇರೋ ಹಾಗೆ ಕೈಪಂಪಿನಿಂದ ನೀರು ಕೊಡುತ್ತಾ ಹೋಗಬೇಕು. ಬಾಟಲಿಯ ಒಂದು ಲೀಟರ್ ಖಾಲಿಯಾಗುವವರೆಗೆ ಎಷ್ಟು ನಿಮಿಷ ಅಂತ ಬರೆದಿಡಬೇಕು. ಗ್ಯಾಸಿನ ಡಬ್ಬಿಯನ್ನು ಮುಂಚೆ, ಆಮೇಲೆ ಅಡುಗೆಮನೆ ತಕ್ಕಡಿಯಲ್ಲಿ ತೂಗಬೇಕು. ಈ ತರದ ಅಳತೆ ನನ್ನ ಸ್ವಂತ ಬುದ್ಧಿಯಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ 1811ರಿಂದ ಯಾವ ಎಂಜಿನ್ ಒಂದು ಅಳತೆ ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಅಂತ ತಿಂಗಳು ತಿಂಗಳು ಅಚ್ಚು ಹಾಕುತ್ತಿದ್ದರು. ಅದನ್ನು ಡ್ಯೂಟಿ ಅನ್ನುತ್ತಿದ್ದರು. ಒಬ್ಬರ ಅಂಕಿ ನೋಡಿ ಪಕ್ಕದ ಗಣಿಯವರಿಗೆ ಹೊಟ್ಟೆಕಿಚ್ಚು, ಅದರಿಂದಲೇ ಎಂಜಿನ್ನುಗಳು ಸುಧಾರಿಸಿದವು.

ಹಬೆ ಎಲ್ಲಿ ಹೋಯಿತು ಅನ್ನೋದನ್ನು ನನಗೆ ಮೊದಲು ಹೇಳಿದವರು ನಮ್ಮ ಮಾವ. ಮೈಸೂರಿನ ಮೀಟರ್‌ಗೇಜ್ ರೈಲಿನ ಕಾಲದಲ್ಲಿ ಫೈರ್‌ಮನ್, ಅಂದರೆ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವರು, ಆಗಿದ್ದವರು. ನನ್ನ ಯಂತ್ರ ಹೊರಬಿಡುತ್ತಿದ್ದ ಬಿಳಿ ಹೊಗೆಗೆ ಅಂಗೈ ಒಡ್ಡಿದರು, ಒದ್ದೆಯಾದ ಕೈಯನ್ನು ನನಗೆ ತೋರಿಸಿದರು.

"ಇದು ಹಬೆ ಅಲ್ಲ ಕಣೋ, ನೀರು. ನಿನ್ನ ಸಿಲಿಂಡರ್ ಇಡ್ಲಿ ಪಾತ್ರೆ ಮುಚ್ಚಳ ಆಗಿದೆ."

"ಅಷ್ಟೊಂದು ನೀರು ಎಲ್ಲಿಂದ ಬರುತ್ತೆ ಮಾವ?" ಅಂದೆ.

"ಗಾಡಿ ಹೊರಡುವಾಗ ಮುಂದಿನಿಂದ ಬುಸ್ಸಂತ ಬಿಡ್ತಿದ್ವಲ್ಲ, ಅದೇನು ಶೋಕಿಗೆ ಅಂದುಕೊಂಡೆಯಾ? ತಣ್ಣಗಿನ ಸಿಲಿಂಡರಲ್ಲಿ ನಿಂತ ನೀರು ಅದು. ಬಿಡದಿದ್ರೆ ಮುಚ್ಚಳವೇ ಸೀಳೋದು."

ವಿಷಯ ಅಷ್ಟೇ. ಮೂರು ಕೆಜಿ ಪ್ರೆಶರ್‌ನ ಹಬೆ ಸುಮಾರು 143 ಡಿಗ್ರಿಯಲ್ಲಿ ಒಳಬರುತ್ತದೆ. ಕೆಲಸ ಮುಗಿಸಿ ಹೊರಹೋಗುವಾಗ ನೂರರ ಆಸುಪಾಸು. (ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಆ ಒಂದು ಚೂರು ಲಾಭ ನಮಗೆ.) ಹೋಗುವ ಹಬೆ ಸಿಲಿಂಡರಿನ ಗೋಡೆಯನ್ನು ತಣ್ಣಗೆ ಮಾಡಿ ಹೋಗುತ್ತದೆ. ಮುಂದಿನ ಸುತ್ತಿಗೆ ಬಂದ ಹೊಸ ಹಬೆ ಆ ಗೋಡೆ ಮುಟ್ಟಿ ನೀರಾಗುತ್ತದೆ. ಯಂತ್ರ ಚಿಕ್ಕದಾದಷ್ಟೂ ಒಳಗಿನ ಹಬೆಗೆ ಹೋಲಿಸಿದರೆ ಗೋಡೆ ಜಾಸ್ತಿ, ನಷ್ಟವೂ ಜಾಸ್ತಿ. ಜೇಮ್ಸ್ ವಾಟ್‌ಗೂ ದಾರಿ ಸಿಕ್ಕಿದ್ದು ಹೀಗೇ. 1763-64ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ, ನ್ಯೂಕೊಮೆನ್ ಅನ್ನೋ ಹಳೇ ಬಗೆಯ ಉಗಿಯಂತ್ರದ ಒಂದು ಪುಟ್ಟ ಮಾದರಿ ಅವನ ಕೈಗೆ ರಿಪೇರಿಗೆ ಬಂತು. ನಾಲ್ಕು ಏಟು ಹೊಡೆದು ನಿಲ್ಲುತ್ತಿತ್ತು, ಬಾಯ್ಲರ್ ಎಷ್ಟು ಕೊಟ್ಟರೂ ಸಾಲದು. ದೊಡ್ಡ ಎಂಜಿನ್ನಿನಲ್ಲಿ ಯಾರಿಗೂ ಎದ್ದು ಕಾಣದ ನಷ್ಟ ಆ ಆಟಿಕೆಯಲ್ಲಿ ಕಂಡಿತು.

ಹಾಗಾಗಿ ಮೊದಲ ಉಪಾಯ, ಸುಮ್ನೆ ಹೊದಿಕೆ. ಸಿಲಿಂಡರಿಗೆ ಸೆರಾಮಿಕ್ ಉಣ್ಣೆ ಸುತ್ತಿ, ಮೇಲೆ ತೇಗದ ಪಟ್ಟಿ ಜೋಡಿಸಿ, ಹಿತ್ತಾಳೆ ಪಟ್ಟಿಯಿಂದ ಬಿಗಿದೆ. ಬಾಯ್ಲರ್‌ನಿಂದ ಬರುವ ಪೈಪಿಗೂ ಅದೇ ಉಣ್ಣೆ. ಒಂದು ಸಂಜೆಯ ಕೆಲಸ. 34 ಇದ್ದದ್ದು 39 ನಿಮಿಷಕ್ಕೆ ಬಂತು. ನೋಡೋಕೂ ಚಂದ.

ಎರಡನೆಯದು ವಾಲ್ವ್, ಅಂದರೆ ಹಬೆಯನ್ನು ಸಿಲಿಂಡರಿನ ಒಳಗೆ, ಹೊರಗೆ ಬಿಡುವ ಬಾಗಿಲು. ಇಲ್ಲಿ ನಾನು ತಿಂಗಳುಗಟ್ಟಲೆ ಕಳೆದೆ, ಯಾಕೆಂದರೆ ಪುಸ್ತಕ ತೆರೆದರೆ ಎಲ್ಲರೂ ವಾಲ್ವ್ ಬಗ್ಗೆಯೇ ಮಾತಾಡುತ್ತಾರೆ. ನನ್ನದು ಮಾಮೂಲಿ ಸ್ಲೈಡ್ ವಾಲ್ವ್. ಬೋರಲು ಹಾಕಿದ ಪುಟ್ಟ ಡಬ್ಬಿಯ ಹಾಗಿರುತ್ತದೆ, ಮೂರು ಸೀಳುಗಳ ಮೇಲೆ ಆಚೀಚೆ ಜಾರುತ್ತದೆ. ಮೊದಲಿದ್ದ ವಾಲ್ವ್‌ನ ಅಂಚು ಸರಿಯಾಗಿ ಸೀಳಿನಷ್ಟೇ ಇತ್ತು. ಹೀಗಿದ್ದರೆ ಪಿಸ್ಟನ್ ಕೊನೆ ಮುಟ್ಟುವವರೆಗೂ ಹಬೆ ಒಳಬರುತ್ತಲೇ ಇರುತ್ತದೆ. ಆಮೇಲೆ ಮೂರು ಕೆಜಿ ಪ್ರೆಶರ್ ಇಟ್ಟುಕೊಂಡೇ ಫಟ್ ಅಂತ ಹೊರಗೆ. ತುಂಬಿದ ಜೇಬನ್ನು ರಸ್ತೆಗೆ ಕೊಡವಿದ ಹಾಗೆ.

ಇದಕ್ಕೆ ಮದ್ದು ಲ್ಯಾಪ್. ವಾಲ್ವ್‌ನ ಅಂಚನ್ನು ಎರಡೂ ಕಡೆ 1.5 ಮಿ.ಮೀ. ಉದ್ದ ಮಾಡಿದೆ. ವಾಲ್ವ್ ನಡುವಿನಿಂದ ಒಂದೊಂದು ಕಡೆಗೆ 3 ಮಿ.ಮೀ. ಓಡುತ್ತದೆ. ಈಗ ಪಿಸ್ಟನ್ ಮುಕ್ಕಾಲು ದಾರಿ ಸಾಗಿದಾಗ ಹಬೆ ಬಂದ್, ಉಳಿದ ಕಾಲು ಭಾಗ ಒಳಗಿನ ಹಬೆ ಹಿಗ್ಗಿಯೇ ತಳ್ಳಬೇಕು. ಆದರೆ ಲ್ಯಾಪ್ ಕೊಟ್ಟ ಮೇಲೆ ಎಕ್ಸೆಂಟ್ರಿಕ್ ಅನ್ನು (ವಾಲ್ವನ್ನು ಓಡಿಸುವ ಬಿಲ್ಲೆ) ಕ್ರ್ಯಾಂಕಿಗಿಂತ (ಪಿಸ್ಟನ್ ತಿರುಗಿಸುವ ತೋಳು) 90 ಡಿಗ್ರಿ ಅಲ್ಲ, 120 ಡಿಗ್ರಿ ಮುಂದೆ ಕೂರಿಸಬೇಕು. ನಾನು ಮರೆತು ಹಳೇ ಜಾಗದಲ್ಲೇ ಬಿಗಿದೆ. ಹಬೆ ತಡವಾಗಿ ಬಂದು ಯಂತ್ರ ಕುಂಟುತ್ತಾ, ಕೆಮ್ಮುತ್ತಾ ಓಡಿತು. ಅರ್ಧ ದಿನ ವಾಲ್ವನ್ನೇ ಬೈದೆ. ಸ್ಕ್ರೂ ಸಡಿಲಿಸಿ 30 ಡಿಗ್ರಿ ತಿರುಗಿಸಿದ ಮೇಲೆ 44 ನಿಮಿಷ.

ಆಸೆ ಹತ್ತಿತು. ಮುಕ್ಕಾಲಿನಲ್ಲಿ ಮುಚ್ಚಿ ಇಷ್ಟು ಲಾಭ ಅಂದರೆ ಅರ್ಧದಲ್ಲೇ ಮುಚ್ಚಿದರೆ? ಲ್ಯಾಪ್ 2.1 ಮಿ.ಮೀ. ಮಾಡಿ, ಎಕ್ಸೆಂಟ್ರಿಕ್ ಅನ್ನು 135 ಡಿಗ್ರಿಗೆ ಇಟ್ಟೆ. 41 ನಿಮಿಷ! ಇಳಿಯಿತು. ಒಂದು ಕಾರಣ, ಸೀಳು ಈಗ ತೆರೆಯೋದೇ 0.9 ಮಿ.ಮೀ., ಹಬೆ ಅಷ್ಟರಲ್ಲೇ ನುಸುಳಬೇಕು. ಇನ್ನೊಂದು ಅದೇ ಗೋಡೆ. ಹಬೆ ಜಾಸ್ತಿ ಹಿಗ್ಗಿದರೆ ಜಾಸ್ತಿ ತಣ್ಣಗಾಗುತ್ತದೆ, ಗೋಡೆಯನ್ನೂ ತಣ್ಣಗೆ ಮಾಡುತ್ತದೆ, ಮುಂದಿನ ಹಬೆ ಇನ್ನಷ್ಟು ನೀರಾಗುತ್ತದೆ. 1860-61ರಲ್ಲಿ ಅಮೆರಿಕದ ನೌಕಾಪಡೆಯ ಬೆಂಜಮಿನ್ ಈಶರ್‌ವುಡ್ ಈರಿ ಊರಿನಲ್ಲಿ 'ಮಿಷಿಗನ್' ಅನ್ನೋ ಹಡಗಿನ ಎಂಜಿನ್ ಮೇಲೆ ಇದನ್ನೇ ಅಳೆದು ತೋರಿಸಿದ. ಹಬೆಯನ್ನು ಬೇಗ ಬೇಗ ಮುಚ್ಚಿದಷ್ಟೂ ಉಳಿತಾಯ ಅಂತ ನಂಬಿದ್ದವರು ಅವನ ಮೇಲೆ ಮುಗಿಬಿದ್ದರು. ನನ್ನ 41ನ್ನು ನೋಡಿದ ದಿನ ಅವನ ಅಂಕಿಗಳು ಸಮಾಧಾನ ಕೊಟ್ಟವು.

ಸ್ಲೈಡ್ ಬದಲು ಪಿಸ್ಟನ್ ವಾಲ್ವ್, ಅಂದರೆ ಕೊಳವೆಯೊಳಗೆ ಜಾರುವ ಪುಟ್ಟ ಪಿಸ್ಟನ್ ಆಕಾರದ ವಾಲ್ವ್, ಕೂಡ ಹಾಕಿ ನೋಡಿದೆ. 40 ನಿಮಿಷ, ಬೇಡ. ಸ್ಲೈಡ್ ವಾಲ್ವನ್ನು ಹಬೆಯೇ ಮೇಲಿಂದ ಅದುಮಿ ಹಿಡಿದಿರುತ್ತದೆ, ಸವೆದರೂ ಕೂತುಕೊಳ್ಳುತ್ತದೆ. ಉಂಗುರವಿಲ್ಲದ ಪುಟ್ಟ ಪಿಸ್ಟನ್ ವಾಲ್ವ್ ಎಷ್ಟೇ ನಯವಾಗಿ ಲೇತ್‌ನಲ್ಲಿ ತೆಗೆದರೂ ಸುತ್ತಲೂ ಸೋರುತ್ತದೆ. ರೈಲಿನ ಎಂಜಿನ್ನಿನ ಅಳತೆಗೆ ಅದು ಸರಿ, ನನ್ನ ಅಳತೆಗೆ ಅಲ್ಲ.

ಮೂರನೆಯದು ಸೂಪರ್‌ಹೀಟರ್, ಅಂದರೆ ಹಬೆಯನ್ನು ಇನ್ನೊಮ್ಮೆ ಕಾಯಿಸಿ ಒಣಗಿಸೋದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾಲಿಂಚಿನ ಸ್ಟೇನ್‌ಲೆಸ್ ಸ್ಟೀಲ್ ಪೈಪು ತಂದೆ. ಒಂದೂವರೆ ಮೀಟರನ್ನು ಸುರುಳಿ ಸುತ್ತಿ ಬಾಯ್ಲರ್‌ನ ಹೊಗೆ ಹೋಗುವ ದಾರಿಯಲ್ಲಿ ಕೂರಿಸಿದೆ. ಬಾಯ್ಲರ್‌ನಿಂದ ಬಂದ ಹಬೆ ಈ ಸುರುಳಿ ದಾಟಿ ಸಿಲಿಂಡರ್‌ಗೆ ಹೋಗುತ್ತದೆ. 143ರ ಹಬೆ 220 ಡಿಗ್ರಿ ಆಯಿತು. ಗೋಡೆಗೆ ಬಿಸಿ ಕೊಟ್ಟರೂ ನೀರಾಗೋಕೆ ಮುಂಚೆ ಅದಕ್ಕೆ 70 ಡಿಗ್ರಿಗೂ ಮೀರಿದ ಗಂಟು ಇದೆ.

ಮೊದಲ ದಿನ ಹತ್ತನೇ ನಿಮಿಷಕ್ಕೆ ಪಿಸ್ಟನ್ನಿನ ರಬ್ಬರ್ ಉಂಗುರ ಕರಕಲಾಯಿತು. ಮಾಮೂಲಿ ನೈಟ್ರೈಲ್ ರಬ್ಬರ್ ಇಷ್ಟು ಬಿಸಿ ತಡೆಯಲ್ಲ ಅಂತ ಗೊತ್ತಿದ್ದೂ ಸೋಮಾರಿತನ ಮಾಡಿದ್ದೆ. ಟೆಫ್ಲಾನ್ ಉಂಗುರ ಹಾಕಿದೆ. ಎರಡನೇ ದಿನ ಎಣ್ಣೆ ಕೈಕೊಟ್ಟಿತು. ಅಲ್ಲಿವರೆಗೆ ನಾನು ಮನೆಯ ಹರಳೆಣ್ಣೆಯನ್ನೇ ಬಿಡುತ್ತಿದ್ದೆ, ಒದ್ದೆ ಹಬೆಯಲ್ಲಿ ಚೆನ್ನಾಗಿಯೇ ನಡೆದಿತ್ತು. ಒಣ ಹಬೆಯಲ್ಲಿ ಅದು ಅರಗಿನ ಹಾಗೆ ಅಂಟಿ ವಾಲ್ವ್ ಹಿಡಿದುಕೊಂಡಿತು. ಬ್ಲೇಡಿನಲ್ಲಿ ಕೆರೆದು ತೆಗೆಯಬೇಕಾಯಿತು, ಆ ವಾಸನೆ ಎರಡು ದಿನ ಹೋಗಲಿಲ್ಲ. ಕೊನೆಗೆ 460 ಗ್ರೇಡಿನ ಸ್ಟೀಮ್ ಸಿಲಿಂಡರ್ ಆಯಿಲ್ ತರಿಸಿದೆ. ಜೇನಿನಷ್ಟು ಮಂದ, ತೊಟ್ಟು ತೊಟ್ಟಾಗಿ ಇಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಮೂರನೇ ದಿನ ಗಡಿಯಾರ ಇಟ್ಟುಕೊಂಡು ಕೂತೆ. 44 ದಾಟಿತು. 50 ದಾಟಿತು. 58ಕ್ಕೆ ಬಾಟಲಿ ಖಾಲಿ. ತಿರುಗಿ ಎರಡು ಸಲ ಮಾಡಿದರೂ ಒಂದು ನಿಮಿಷ ಆಚೀಚೆ ಅಷ್ಟೇ. ಹೊರಬರುವ ಹಬೆ ಪೈಪಿನ ತುದಿಯಲ್ಲಿ ಕಾಣೋದೇ ಇಲ್ಲ, ಒಂದು ಗೇಣು ದೂರ ಹೋದ ಮೇಲೆ ಬೆಳ್ಳಗಾಗುತ್ತದೆ. ಲೀಟರ್‌ಗೆ ಗ್ಯಾಸ್ ಮೊದಲು 110 ಗ್ರಾಂ ಹೋಗುತ್ತಿತ್ತು, ಈಗ 113. ಹೇಗಿದ್ದರೂ ಚಿಮಣಿಯಿಂದ ಹಾಳಾಗುತ್ತಿದ್ದ ಬಿಸಿ ತಾನೇ. ಒಂದು ಎಚ್ಚರ: ಯಂತ್ರ ನಿಲ್ಲಿಸಿ ಬೆಂಕಿ ಹಾಗೇ ಬಿಟ್ಟರೆ ಒಳಗೆ ಹಬೆ ಹರಿಯದೆ ಸುರುಳಿ ಕೆಂಪಾಗುತ್ತದೆ. ಮೊದಲು ಬೆಂಕಿ, ಆಮೇಲೆ ಹಬೆ ಅಂತ ಆರಿಸಬೇಕು.

ಜರ್ಮನಿಯ ವಿಲ್ಹೆಲ್ಮ್ ಶ್ಮಿಟ್ 1890ರ ದಶಕದಲ್ಲಿ ಇದನ್ನು ರೈಲು ಎಂಜಿನ್ನಿಗೆ ತಂದ ಮೇಲೆ ಜಗತ್ತಿನ ಬಹುಪಾಲು ರೈಲ್ವೆಗಳು ಅದೇ ದಾರಿ ಹಿಡಿದವು. ಮಾವನ ಮೀಟರ್‌ಗೇಜಿನ ವೈಪಿ ಅನ್ನೋ ಜಾತಿಯ ಎಂಜಿನ್ನಿನಲ್ಲೂ ಸೂಪರ್‌ಹೀಟರ್ ಇತ್ತು.

ನಾಲ್ಕನೆಯದು ಯೂನಿಫ್ಲೋ. ನನಗೆ ಬಹಳ ಆಸೆ ಇದ್ದದ್ದು ಇದರ ಮೇಲೆ. ಹಬೆ ಮೇಲಿನ ಬಿಸಿ ತುದಿಯಲ್ಲಿ ಬಂದು, ಕೆಳಗೆ ಗೋಡೆಯಲ್ಲೇ ಕೊರೆದ ತೂತುಗಳಿಂದ ಹೊರಹೋಗುತ್ತದೆ. ಪಿಸ್ಟನ್ ಇಳಿದಾಗ ತೂತು ತಾನಾಗಿ ತೆರೆಯುತ್ತದೆ. ಬಿಸಿ ತುದಿ ಬಿಸಿಯಾಗೇ, ತಣ್ಣನೆ ತುದಿ ತಣ್ಣಗೇ ಇರುತ್ತದೆ. ಕಾಗದದ ಮೇಲೆ ಗೋಡೆಯ ರೋಗಕ್ಕೆ ಇದಕ್ಕಿಂತ ಒಳ್ಳೇ ಮದ್ದಿಲ್ಲ. ಬರ್ಲಿನ್ನಿನ ಪ್ರೊಫೆಸರ್ ಯೋಹಾನ್ ಸ್ಟುಂಫ್ ಇದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜನಪ್ರಿಯ ಮಾಡಿದ.

ಹೊಸ ಸಿಲಿಂಡರ್ ಮಾಡಿಸಿದೆ, ಒಂದೇ ಬದಿ ಕೆಲಸ ಮಾಡೋದು. ಮೇಲೆ ಉಕ್ಕಿನ ಗುಂಡು, ಪಿಸ್ಟನ್ ಮೇಲಿನ ಕಡ್ಡಿ ಬಂದು ಗುಂಡನ್ನು ಎತ್ತಿದರೆ ಹಬೆ ಒಳಗೆ. ಫ್ಲೈವೀಲ್ ತಿರುಗಿಸಿದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿಟ್ಟ ಹಾಗಾಯಿತು, ತಿರುಗಲೇ ಇಲ್ಲ. ಆಮೇಲೆ ಹೊಳೆಯಿತು. ತೂತು ಮುಚ್ಚಿದ ಕೂಡಲೇ ಒಳಗೆ ಉಳಿದ ಹಬೆ ಸಿಕ್ಕಿಹಾಕಿಕೊಳ್ಳುತ್ತದೆ, ಪಿಸ್ಟನ್ ಹೆಚ್ಚುಕಡಿಮೆ ಇಡೀ ದಾರಿ ಅದನ್ನು ಅದುಮುತ್ತಾ ಏರಬೇಕು. ಸ್ಟುಂಫ್‌ನ ಯಂತ್ರಗಳಿಗೆ ಹೆಚ್ಚಾಗಿ ಕಂಡೆನ್ಸರ್ (ಹೊರಬಂದ ಹಬೆಯನ್ನು ತಣಿಸಿ ನೀರು ಮಾಡುವ ಪಾತ್ರೆ) ಇರುತ್ತಿತ್ತು, ಒಳಗೆ ಉಳಿಯುವ ಹಬೆ ತೀರಾ ತೆಳು, ಅದುಮಿದರೂ ಏನಾಗಲ್ಲ. ನನ್ನದು ಬಯಲಿಗೆ ಬಿಡೋದು. ಅದುಮಿದ ಹಬೆ ಬಾಯ್ಲರ್‌ಗಿಂತ ಜಾಸ್ತಿ ಪ್ರೆಶರ್ ಆಗದಿರಲಿ ಅಂತ ತಲೆಯ ಕೆಳಗೆ 11 ಮಿ.ಮೀ. ದಪ್ಪದ ಬಳೆ ಹಾಕಿ ಖಾಲಿ ಜಾಗ ಬಿಡಬೇಕಾಯಿತು. ಆಗ ತಿರುಗಿತು. ಆದರೆ ಅರ್ಧ ಶಕ್ತಿ ಅದುಮೋದಕ್ಕೇ ಹೋಯಿತು. 5 ವ್ಯಾಟ್ ಬಲ್ಬಿಗೆ 36 ನಿಮಿಷ, ಅಂದರೆ ಹಳೇ ಲೆಕ್ಕಕ್ಕೆ 18. ಗುಂಡಿನ ಟಕ್ ಟಕ್ ಶಬ್ದಕ್ಕೆ ಪಕ್ಕದ ಮನೆಯವರು ಬೇರೆ ಬಂದು ವಿಚಾರಿಸಿದರು. ದೊಡ್ಡ ಅಳತೆಯಲ್ಲಿ, ಕಂಡೆನ್ಸರ್ ಇಟ್ಟುಕೊಂಡು ಯೂನಿಫ್ಲೋ ಗೆದ್ದದ್ದು ನಿಜ. ಅಮೆರಿಕದ ಮಿಷಿಗನ್ ಸರೋವರ ದಾಟಿಸುವ 'ಬ್ಯಾಜರ್' ಹಡಗಿನ ಎಂಜಿನ್ನುಗಳು ಆ ಜಾತಿಯವೇ.

ಹಾಗಾದರೆ ನಾನೂ ಕಂಡೆನ್ಸರ್ ಇಡಬಾರದಾ? ಬಕೆಟ್ ನೀರಿನಲ್ಲಿ ತಾಮ್ರದ ಸುರುಳಿ ಮುಳುಗಿಸಿ ಪಂಪು ಹಾಕಿ ನೋಡಿದೆ. ಸಿಕ್ಕಿದ ಲಾಭವನ್ನು ಪಂಪಿನ ತಿಕ್ಕಾಟವೇ ತಿಂದಿತು, ತಿರುಗಿ ಬಂದ ನೀರಿನ ಮೇಲೆಲ್ಲ ಎಣ್ಣೆ ತೇಲುತ್ತಿತ್ತು. ಆ ನೀರನ್ನು ಬಾಯ್ಲರ್‌ಗೆ ಹಾಕುವಂತಿಲ್ಲ. ಬಿಟ್ಟೆ. ಆದರೆ ಅದೇ ಸುರುಳಿ ಇನ್ನೊಂದು ಕೆಲಸಕ್ಕೆ ಬಂತು. ಹೊರಹೋಗುವ ಹಬೆಯ ಪೈಪಿನೊಳಗೆ ಅದನ್ನು ಕೂರಿಸಿ, ಬಾಯ್ಲರ್‌ಗೆ ಹೋಗುವ ತಣ್ಣೀರನ್ನು ಅದರ ಮೂಲಕ ಹರಿಸಿದೆ. 28 ಡಿಗ್ರಿ ನೀರು 80 ಡಿಗ್ರಿಯಾಗಿ ಬಾಯ್ಲರ್ ಸೇರಿತು, ಗ್ಯಾಸ್ 113ರಿಂದ 104 ಗ್ರಾಂಗೆ ಇಳಿಯಿತು. ಖರ್ಚು ಹೆಚ್ಚುಕಡಿಮೆ ಸೊನ್ನೆ.

ಎರಡು ಸಿಲಿಂಡರಿನ ಕಾಂಪೌಂಡ್, ಅಂದರೆ ಒಂದರಲ್ಲಿ ದುಡಿದ ಹಬೆಯನ್ನೇ ಇನ್ನೊಂದರಲ್ಲಿ ಮತ್ತೆ ದುಡಿಸೋದು, ಅದರ ಬಗ್ಗೆ ಕೇಳುವವರಿದ್ದಾರೆ. ನಾನು ಕಟ್ಟಿಲ್ಲ, ಮೂರು ಕೆಜಿ ಪ್ರೆಶರ್‌ಗೆ ಅದು ಬೇಕಾಗಿಯೂ ಇಲ್ಲ. ಅದು ಹೇಗೆ ದುಡಿಯುತ್ತದೆ ಅಂತ ನೋಡಬೇಕಿದ್ದರೆ ಮೇಟುಪಾಳ್ಯದಿಂದ ಊಟಿ ರೈಲು ಹತ್ತಿ. ಹಲ್ಲುಹಳಿ ಶುರುವಾದ ಮೇಲೆ ಮಾಮೂಲಿ ಚಕ್ರ ತಿರುಗಿಸಿದ ಹಬೆಯೇ ಇನ್ನೊಂದು ಜೊತೆ ಸಿಲಿಂಡರಿಗೆ ಹೋಗಿ ಹಲ್ಲುಚಕ್ರ ತಿರುಗಿಸುತ್ತದೆ.

ಹೊಸದಾಗಿ ಕಟ್ಟುವವರು ನನ್ನನ್ನು ಕೇಳಿದರೆ ಹೊದಿಕೆ ಮೊದಲು, ಬಿಸಿನೀರಿನ ಸುರುಳಿ ಆಮೇಲೆ. ಟೆಫ್ಲಾನ್ ಉಂಗುರ, ಸರಿಯಾದ ಎಣ್ಣೆ ಸಿಕ್ಕಿದ ದಿನ ಸೂಪರ್‌ಹೀಟರ್. ವಾಲ್ವ್‌ಗೆ 1.5 ಮಿ.ಮೀ. ಲ್ಯಾಪ್ ಸಾಕು, ಅದಕ್ಕಿಂತ ತಲೆ ಕೆಡಿಸಿಕೊಳ್ಳಬೇಡಿ. ಮಾವ ಹೋದ ಭಾನುವಾರ ಬಂದಿದ್ದರು. ಯಂತ್ರ ಓಡುತ್ತಿದ್ದಾಗ ಹೊರಪೈಪಿಗೆ ಮತ್ತೆ ಅಂಗೈ ಒಡ್ಡೋಕೆ ಹೋದರು. ನಾನು ಕೈ ಹಿಡಿದು ಎಳೆದೆ. ಕಾಣದ ಹಬೆ, ಸುಟ್ಟೇಬಿಡುತ್ತಿತ್ತು.