ಇಂಜಿನ್ ಗಟ್ಟಿ, ತಗಡು ಮೆತ್ತಗೆ: ಮೂರು ಹಳೆ ಕಾರುಗಳ ಲೆಕ್ಕ

ಹಳೆ ಕಾರು ಅಂದ ಕೂಡಲೇ ಎಲ್ಲರೂ ಕೇಳೋದು ಇಂಜಿನ್ ಹೇಗಿದೆ ಅಂತ. ನಾನು ಮೊದಲು ಕೇಳೋದು ಗಾಡಿ ಯಾವ ಊರಲ್ಲಿ ನಿಲ್ಲುತ್ತೆ ಅಂತ. ನಮ್ಮನೆಯವು ಎರಡು, ದೊಡ್ಡಪ್ಪನದು ಒಂದು, ಹೀಗೆ ಮೂರು ಕಾರುಗಳನ್ನು ವರ್ಷಗಟ್ಟಲೆ ಓಡಿಸಿದ್ದೇನೆ: ದಾವಣಗೆರೆಯಲ್ಲಿರುವ 2005ರ ಪೆಟ್ರೋಲ್ ಆಲ್ಟೊ, ಉಡುಪಿಯಲ್ಲಿ ಕೆಲಸದಲ್ಲಿದ್ದಾಗ 2012ರಲ್ಲಿ ಕೊಂಡ ಡೀಸೆಲ್ ಹ್ಯಾಚ್‌ಬ್ಯಾಕ್, ದೊಡ್ಡಪ್ಪನ ಟೊಯೊಟಾ ಕ್ವಾಲಿಸ್. ಮೂರಕ್ಕೂ ಸರ್ವಿಸ್ ತಪ್ಪಿಸಿದ್ದಿಲ್ಲ.

ಆಲ್ಟೊದ್ದು 796 ಸಿಸಿ, ಮೂರು ಸಿಲಿಂಡರ್, ಹಳೆ ಮಾರುತಿ 800ರ ವಂಶದ ಇಂಜಿನ್. ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇಲ್ಲ, ಕೆಡೋಕೆ ಜಾಸ್ತಿ ಸಾಮಾನೂ ಇಲ್ಲ. ಮೀಟರ್ ಎರಡು ಲಕ್ಷದ ಹತ್ತಿರ ಬಂದಿದೆ, ಇಂಜಿನ್ ಇನ್ನೂ ರಿಪೇರಿಗೆ ಇಳಿಸಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್, ಟೈಮಿಂಗ್ ಬೆಲ್ಟ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಶ್‌ಗಳು, ಇಷ್ಟೇ ಮಾಡಿಸಿದ್ದು. ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ರೇಡಿಯೇಟರ್‌ಗೆ ಕೂಲಂಟ್ ಬಿಟ್ಟು ಬೋರ್‌ವೆಲ್ ನೀರು ಹಾಕಲು ಯಾರಿಗೂ ಬಿಡೋದಿಲ್ಲ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ಒಳಗಿನ ಕೊಳವೆಗಳಲ್ಲಿ ಕಟ್ಟಿಕೊಂಡರೆ ಇಂಜಿನ್ ಕಾದು, ಅದರ ತಲೆಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ನಾನು ಕಂಡಂತೆ ಚಿಕ್ಕ ಕಾರಿನ ಇಂಜಿನ್ ಸವೆದು ಸಾಯೋದು ಕಡಿಮೆ, ಕಾದು ಸಾಯೋದೇ ಹೆಚ್ಚು. ಈಗ ಬಂಕ್‌ಗಳಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬೇರೆ. 2005ರ ರಬ್ಬರ್ ಪೈಪುಗಳನ್ನು ಅದಕ್ಕೆಂದು ಮಾಡಿದ್ದಲ್ಲ, ಹಾಗಾಗಿ ಎಲ್ಲ ಬದಲಿಸಿದೆ.

ಡೀಸೆಲ್ ಕಾರಿನ ಕಂಪನಿ ಹೆಸರು ಹೇಳೋದಿಲ್ಲ, ಯಾಕಂದ್ರೆ ಕೆಟ್ಟದ್ದು ಊರಿನ ಗಾಳಿಯಿಂದ. ಅದರ ಇಂಜಿನ್ ಫಿಯಟ್ ಮೂಲದ 1.3 ಲೀಟರಿನದು; ಒಂದು ಕಾಲಕ್ಕೆ ಮೂರ್ನಾಲ್ಕು ಕಂಪನಿಗಳ ಕಾರಲ್ಲಿ ಇದೇ ಇಂಜಿನ್ ಇತ್ತು. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್. ಹೈವೇಯಲ್ಲಿ ಓಡಿಸುವ ಟ್ಯಾಕ್ಸಿಯವರು ಮೂರು ಲಕ್ಷ ಕಿ.ಮೀ. ಅಂದರೆ ಹುಬ್ಬೇರಿಸೋದೂ ಇಲ್ಲ. ದಿನಕ್ಕೆ ಮೂರ್ನಾಲ್ಕು ಕಿ.ಮೀ. ಮಾತ್ರ ಓಡಿಸುವವರಿಗೆ ಇದು ಬೇಡ, ಹೊಗೆಯಲ್ಲಿ ಸ್ವಲ್ಪವನ್ನು ಇಂಜಿನ್‌ಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತೆ. ನನ್ನ ಇಂಜಿನ್ ಚೆನ್ನಾಗೇ ಇತ್ತು. ಆದರೆ ಉಡುಪಿಯಲ್ಲಿ ಉಪ್ಪುಗಾಳಿ, ಜೂನ್‌ನಿಂದ ಬಿಡದೆ ಸುರಿಯುವ ಮಳೆ. ಸಾಲದ್ದಕ್ಕೆ ಹೆದ್ದಾರಿ 66ರಲ್ಲಿ ಮುಂದೆ ಹೋಗುವ ಮೀನು ಲಾರಿಗಳಿಂದ ಸುರಿಯುವ ಉಪ್ಪುನೀರು. ಅದು ಚಕ್ರದಿಂದ ಸಿಡಿದು ನೇರ ಕಾರಿನ ಹೊಟ್ಟೆಗೆ ಹೊಡೆಯುತ್ತೆ. ಆಮೇಲೊಮ್ಮೆ ಕಾರನ್ನು ರ‍್ಯಾಂಪ್ ಮೇಲೆ ಏರಿಸಿದಾಗ ಟಿಂಕರಿಂಗ್‌ನವರು ಜಾಕ್ ಕೊಡುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ನೆನೆದ ರಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಬಾಗಿಲ ಪೇಂಟ್ ಮಾತ್ರ ಫಳಫಳ! "ಇಂಜಿನ್ ಉಂಟು ಮಾರಾಯ್ರೆ, ಕಾರೇ ಇಲ್ಲ" ಅಂದರು ಅವರು. ಬೆಸುಗೆ ಹಾಕಿಸಬಹುದಿತ್ತು. ಆದರೆ ಇಂಥ ಕಾರುಗಳಿಗೆ ಬಾಡಿಯೇ ಚಾಸಿ, ಅದು ಕೊಳೆತರೆ ಅಪಘಾತದಲ್ಲಿ ಕಾಪಾಡಲು ಏನೂ ಉಳಿಯೋದಿಲ್ಲ. ಗುಜರಿಗೆ ಕೊಟ್ಟೆ.

ಕ್ವಾಲಿಸ್ ವಿಚಾರ ಇಲ್ಲಿ ಪೂರ್ತಿ ಬೇರೆ. 2000ದಿಂದ ಐದು ವರ್ಷದಷ್ಟು ಕಾಲ ಬಿಡದಿಯಲ್ಲಿ ತಯಾರಾದ ಗಾಡಿ. ಚಾಸಿ ಬೇರೆ, ಬಾಡಿ ಬೇರೆ. ತಗಡು ತೂತಾದರೆ ತೇಪೆ ಹಾಕಿ ಓಡಿಸಬಹುದು. 2.4 ಲೀಟರ್ ಡೀಸೆಲ್, ಟರ್ಬೊ ಇಲ್ಲ. ಘಾಟಿ ಹತ್ತುವಾಗ ಹಿಂದಿನವರ ಹಾರ್ನ್ ಕೇಳಿಸಿಕೊಂಡು ಸುಮ್ಮನಿರುವ ಗುಣ ಬೇಕು. ದೊಡ್ಡಪ್ಪನ ಗಾಡಿ ಐದು ಲಕ್ಷ ದಾಟಿದೆ. ಬಾಗಿಲ ಹ್ಯಾಂಡಲ್, ಬೀಡಿಂಗ್ ಬೇಕಾದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು, ಅಷ್ಟೆ.

15 ವರ್ಷಕ್ಕೆ ಕಾರು ಮುಗೀತು ಅನ್ನುವವರು ದೆಹಲಿಯ ನಿಯಮವನ್ನು ಇಲ್ಲಿಗೆ ಹಚ್ಚುತ್ತಾರೆ. ನಮ್ಮಲ್ಲಿ 15 ಆದಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ಶುಲ್ಕ ಮಾತ್ರ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ ಬೇರೆ. ಆಲ್ಟೊಗೆ ಆ ಶುಲ್ಕ ಕಟ್ಟೋದು ದಂಡ ಅಂತ ನನಗನ್ನಿಸಿಲ್ಲ. ಹೊಸ ಕಾರಿನ ಎರಡು ಕಂತಿಗಿಂತ ಕಡಿಮೆ.

ನನ್ನ ಅಂದಾಜು ಕೇಳಿದರೆ, ಚೆನ್ನಾಗಿ ನೋಡಿಕೊಂಡ ಪೆಟ್ರೋಲ್ ಕಾರಿಗೆ ಒಳನಾಡಲ್ಲಿ 20-25 ವರ್ಷ ಧಾರಾಳ. ಕರಾವಳಿಯಲ್ಲಿ, ಕಾರಿನ ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸದೆ ಇಟ್ಟರೆ, 12-15. ಡೀಸೆಲ್ ಆಯುಷ್ಯವನ್ನು ವರ್ಷದಲ್ಲಿ ಎಣಿಸಬೇಡಿ, ಕಿ.ಮೀ.ನಲ್ಲಿ ಎಣಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೀಟರ್‌ಗಿಂತ ಮೊದಲು ನಂಬರ್ ಪ್ಲೇಟ್ ನೋಡಿ. ಒಳನಾಡಿನ ಕೆಎ-17 (ದಾವಣಗೆರೆ), ಕೆಎ-16 (ಚಿತ್ರದುರ್ಗ) ಇದ್ದರೆ ಇಂಜಿನ್ ಕೇಳಿಸಿಕೊಳ್ಳಿ, ಕೂಲಂಟ್ ಬಣ್ಣ ನೋಡಿ. ಕರಾವಳಿಯ ಕೆಎ-19 (ಮಂಗಳೂರು), ಕೆಎ-20 (ಉಡುಪಿ), ಕೆಎ-30 (ಕಾರವಾರ) ಆದರೆ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಆ ಗುಂಡಿಯಲ್ಲಿ ಕೈಯಾಡಿಸಿ, ಆಮೇಲೆ ರ‍್ಯಾಂಪ್‌ಗೆ ಒಯ್ಯಿರಿ. ಮಾರುವವರು ರ‍್ಯಾಂಪ್ ಬೇಡ ಅಂದರೆ ಚಹಾ ಕುಡಿದು ವಾಪಸ್ ಬನ್ನಿ.